ಮೊಸರನ್ನದಲ್ಲಿ ಸೋಫಾ

ನಿನ್ನೆ ರಾತ್ರಿ ಊಟಕ್ಕೆ ಕೂತಾಗ ನಾನು ಸೋಫಾ ತಿಂದೆ.

ಪೂರ್ತಿ ಅಲ್ಲ, ಒಂದು ಚೂರು. ಮೊಸರನ್ನಕ್ಕೆ ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ ಬಿದ್ದಿತ್ತು. ಮೂರನೇ ತುತ್ತಿಗೆ ಒಂದು ಸಾಸಿವೆ ಹಲ್ಲಿಗೆ ಸಿಕ್ಕಿತು. ಕಚ್ಚಿದೆ. ಚಟ್ ಅನ್ನಲಿಲ್ಲ. ಇನ್ನೊಮ್ಮೆ ಕಚ್ಚಿದೆ. ರಬ್ಬರಿನ ಹಾಗೆ ನುಲಿಯಿತು. ತೆಗೆದು ದೀಪಕ್ಕೆ ಹಿಡಿದು ನೋಡಿದರೆ ಕಪ್ಪಗೆ, ತೆಳ್ಳಗೆ, ಒಂದು ಮಗ್ಗುಲು ಹೊಳೆಯುತ್ತಿದೆ. ನಮ್ಮ ಹಳೇ ರಿಕ್ಲೈನರ್ ಸೋಫಾದ ಸಿಪ್ಪೆ.

"ಏನ್ರೀ ಅದು?" ಅಂದಳು ಹೆಂಡತಿ.

"ಸೋಫಾ."

"ಪಕ್ಕಕ್ಕಿಡಿ" ಅಂದಳು, ಕರಿಬೇವಿನ ಎಲೆಯನ್ನು ಇಡಲು ಹೇಳಿದಷ್ಟೇ ಸಲೀಸಾಗಿ.

ಆ ಸೋಫಾ ಮನೆ ಬಿಟ್ಟು ಒಂದೂವರೆ ತಿಂಗಳಾಗಿದೆ. ನಾನೇ ನಿಂತು ಸಾಗಹಾಕಿದ್ದೇನೆ. ಆಮೇಲೆ ಮನೆ ಗುಡಿಸಿ, ಒರೆಸಿ, ಗಣೇಶನ ಹಬ್ಬಕ್ಕೆಂದು ಫ್ಯಾನಿನ ರೆಕ್ಕೆ ಕೂಡ ತೊಳೆದಿದ್ದೇವೆ. ಆದರೂ ಸಿಪ್ಪೆ ಎಲ್ಲಿಂದಲೋ ಬರುತ್ತದೆ. ಒಗೆದ ಬಟ್ಟೆಯಲ್ಲಿ, ಮಗನ ಜ್ಯಾಮಿತಿ ಪೆಟ್ಟಿಗೆಯಲ್ಲಿ, ದೇವರ ಮನೆಯ ಅಕ್ಷತೆ ಬಟ್ಟಲಲ್ಲಿ. ಕೆಲವು ನೆಂಟರು ಊರಿಗೆ ಹೋದ ಮೇಲೂ ಫೋನಿನಲ್ಲಿ ಉಳಿದುಕೊಳ್ಳುತ್ತಾರಲ್ಲ, ಹಾಗೆ.

2021ರಲ್ಲಿ, ಮನೆಯೇ ಆಫೀಸಾಗಿದ್ದ ಕಾಲದಲ್ಲಿ, ಬೆನ್ನು ನೋವಿಗೆ ಮದ್ದು ಅಂತ, ಹಿಂದಕ್ಕೆ ಒರಗಿ ಕಾಲು ಚಾಚಬಹುದಾದ ಆ ರಿಕ್ಲೈನರನ್ನು ತಂದಿದ್ದೆ. ಅಂಗಡಿಯವನು "ಲೆದರ್ ಫಿನಿಶ್ ಸಾರ್" ಅಂದಿದ್ದ. ಆ ಎರಡನೇ ಪದವನ್ನು ನಾನು ಸರಿಯಾಗಿ ಕೇಳಿಸಿಕೊಳ್ಳಬೇಕಿತ್ತು. ಲೆದರ್ ಫಿನಿಶ್, ಲೆದರ್ ಲುಕ್, ಲೆದರ್ ಫೀಲ್ ಅಂತ ಎಷ್ಟು ಚೆನ್ನಾಗಿ ಹೇಳುತ್ತಾರೆ! ಅಂಗಡಿಯವನು "ತುಪ್ಪದ ಹಾಗೇ ಇದೆ" ಅಂದರೆ ಅದು ತುಪ್ಪವಲ್ಲ ಅಂತ ನಮಗೆ ತಕ್ಷಣ ತಿಳಿಯುತ್ತದೆ. ಸೋಫಾ ವಿಷಯದಲ್ಲಿ ಮಾತ್ರ ಯಾಕೋ ತಿಳಿಯುವುದಿಲ್ಲ.

ಮೂರು ವರ್ಷ ಚೆನ್ನಾಗಿಯೇ ಇತ್ತು. ಆಮೇಲೆ ತಲೆ ಆನಿಸುವ ಕಡೆ ಒಂದು ಕಾಸಿನಗಲ ಎದ್ದಿತು. ಮಗ ಅದನ್ನು ಕೆರೆದ. ಕೆರೆಯಬೇಡ ಅಂತ ಬೈದು, ಅವನು ಆ ಕಡೆ ಹೋದ ಮೇಲೆ ನಾನೂ ಕೆರೆದೆ. ಸುಳ್ಳು ಯಾಕೆ ಹೇಳಲಿ, ಅದರಲ್ಲಿ ಒಂದು ಸುಖವಿದೆ. ಆರು ತಿಂಗಳಲ್ಲಿ ಸೋಫಾಗೆ ಚಿಬ್ಬು ಬಂದ ಹಾಗಾಯಿತು. ನಮ್ಮ ಮನೆಗೆ ಬಂದುಹೋದವರನ್ನು ಅಪಾರ್ಟ್‌ಮೆಂಟಿನಲ್ಲಿ ಬೆನ್ನು ನೋಡಿಯೇ ಗುರುತಿಸಬಹುದಿತ್ತು. ಒಂದು ಗೃಹಪ್ರವೇಶಕ್ಕೆ ಬಿಳಿ ಪಂಚೆ ಉಟ್ಟುಕೊಂಡು ಹೋಗಿದ್ದೆ. ಊಟದ ಪಂಕ್ತಿಯಲ್ಲಿ ಹಿಂದೆ ನಿಂತಿದ್ದ ಹಿರಿಯರೊಬ್ಬರು "ಇರುವೆ ಹತ್ತಿವೆ ನೋಡಿ" ಅಂತ ಕೈಯಿಂದಲೇ ಕೊಡವಲು ಬಂದರು. ಇರುವೆಯಲ್ಲ, ಸೋಫಾ ಅಂತ ಹೇಳುವುದು ಹೇಗೆ? ಇರುವೆ ಅಂತಲೇ ಒಪ್ಪಿಕೊಂಡು ನಾಲ್ಕು ಹೆಜ್ಜೆ ಕುಣಿದೆ.

ಕುಶನ್ ಕೆಲಸದವರನ್ನು ಕರೆಸಿದೆವು. ಅವರು ಉಗುರಿನಿಂದ ಒಂದು ಪಟ್ಟಿ ಎಳೆದು ಅಂಗೈ ಮೇಲಿಟ್ಟು ತೋರಿಸಿದರು. "ಇದು ಬಟ್ಟೆ ಸಾರ್. ಮೇಲೆ ಪಿಯು ಅಂತ ಒಂದು ಪ್ಲಾಸ್ಟಿಕ್ ಬಳಿದಿರ್ತಾರೆ. ಗಾಳೀಲಿರೋ ತೇವ, ಮೈ ಬೆವರು, ತಲೆ ಎಣ್ಣೆ ಸೇರಿ ಆ ಬಳಿದಿದ್ದು ಬಿಡುತ್ತೆ. ಒಂದ್ಸಲ ಏಳೋಕೆ ಶುರುವಾದ್ರೆ ಅಂಟು ಹಾಕಿದ್ರೂ ನಿಲ್ಲಲ್ಲ, ಬಣ್ಣ ಹೊಡೆದ್ರೂ ನಿಲ್ಲಲ್ಲ." ಮಂಗಳೂರು, ಉಡುಪಿ ಕಡೆ ಇನ್ನೂ ಬೇಗ ಹೋಗುತ್ತದಂತೆ. ಅಲ್ಲಿ ಗಾಳಿಯೇ ಒದ್ದೆ ಅಲ್ವಾ.

'ತಲೆ ಎಣ್ಣೆ' ಅಂದಕೂಡಲೇ ಎಲ್ಲರೂ ಅಪ್ಪನ ತಲೆ ನೋಡಿದೆವು. ಅಪ್ಪ ಬೆಳಿಗ್ಗೆ ಒಂದು ಹಿಡಿ ಕೊಬ್ಬರಿ ಎಣ್ಣೆ ತಟ್ಟಿಕೊಳ್ಳದೆ ಪೇಪರ್ ಮುಟ್ಟುವವರಲ್ಲ. ಅವರು ಅಮ್ಮನ ತಲೆ ನೋಡಿದರು. ಅಮ್ಮ, "ನಾನು ಅದರಲ್ಲಿ ಯಾವತ್ತು ಕೂತಿದ್ದೀನಿ? ಕೂರೋಕೆ ಬಿಟ್ಟಿದ್ದೀರಾ?" ಅಂದರು. ಮಾತು ಸೋಫಾ ಬಿಟ್ಟು 1987ರ ಒಂದು ಮದುವೆ ಮನೆಗೆ ಹೋಯಿತು. ಕುಶನ್ ಕೆಲಸದವರು ಟೀ ಕುಡಿದು, ಹೊಸ ಬಟ್ಟೆ, ಹೊಸ ಫೋಮ್ ಸೇರಿ 22 ಸಾವಿರ ಆಗುತ್ತೆ ಅಂತ ಹೇಳಿ ಹೋದರು.

ಅಪ್ಪ ಬಸ್ಸಿನ ಸೀಟಿನ ರೆಕ್ಸಿನ್ ಹಾಕಿಸೋಣ ಅಂದರು. ಇಡೀ ಜಿಲ್ಲೆ ಕೂತೆದ್ದರೂ ಅದಕ್ಕೆ ಏನೂ ಆಗುವುದಿಲ್ಲ ಅಂತ ಅವರ ವಾದ. ವಾದದಲ್ಲಿ ತಪ್ಪೇನೂ ಇರಲಿಲ್ಲ. ಹೆಂಡತಿ, "ಮಾವ, ಹಂಗೇ ಬಾಗಿಲಿಗೆ ಒಂದು ಸೀಟಿ ನೇತುಹಾಕೋಣ, ಬಂದೋರಿಗೆ ಟಿಕೆಟ್ ಕೊಡೋಣ" ಅಂದಳು. ಹೊಸದೇ ತರುವುದು ಅಂತ ಆಯಿತು. ಷರತ್ತು ಒಂದೇ, ಅಪ್ಪನದು: ಬಾಳಿಕೆ ಬರಬೇಕು.

ಅಪ್ಪನ ಬಾಯಲ್ಲಿ 'ಬಾಳಿಕೆ' ಅಂದರೆ ಸುಮ್ನೆ ಅಲ್ಲ. ಅವರ ಕೈಯಲ್ಲಿರುವುದು ಮದುವೆಗೆ ಬಂದ ಎಚ್‌ಎಂಟಿ ವಾಚು. ಈಗಲೂ ದಿನಾ ಕೀಲಿ ಕೊಡುತ್ತಾರೆ. ಖಜಾನೆ ಇಲಾಖೆಯಲ್ಲಿ 34 ವರ್ಷ ಲೆಕ್ಕ ಬರೆದು ನಿವೃತ್ತರಾದವರು. ಅವರ ಜೊತೆ ಸೋಫಾ ನೋಡಲು ಹೋಗುವುದೂ ಒಂದೇ, ಆಡಿಟ್‌ಗೆ ಹೋಗುವುದೂ ಒಂದೇ.

ಜೂನಿನಿಂದ ನಾಲ್ಕು ಭಾನುವಾರ ಅಂಗಡಿ ಸುತ್ತಿದೆವು. ಔಟರ್ ರಿಂಗ್ ರಸ್ತೆಯ ಅಂಗಡಿಗಳು ನಿಮಗೂ ಗೊತ್ತಲ್ಲ. ಒಳಗೆ ತಂಪು, ಮೆತ್ತಗಿನ ಹಾಡು, ಯಾವ ಸೋಫಾದಲ್ಲಿ ಕೂತರೂ ನಿದ್ದೆ ಬರುತ್ತದೆ. ಎರಡು ಗಂಟೆ ಟ್ರಾಫಿಕ್ಕಿನಲ್ಲಿ ಬಂದವನಿಗೆ ಮುಳ್ಳಿನ ಮೇಲೆ ಕೂರಿಸಿದರೂ ನಿದ್ದೆ ಬರುತ್ತದೆ ಅನ್ನುವುದು ಬೇರೆ ಮಾತು. ಅಪ್ಪ ಮಾತ್ರ ಕೂರುತ್ತಿರಲಿಲ್ಲ. ಟಾರ್ಚು ಹಿಡಿದು ಸೋಫಾದ ಕೆಳಗೆ ತೂರುತ್ತಿದ್ದರು. ಹೊರಗೆ ಕಾಣುವುದು ಎರಡು ಕಾಲು, ಒಂದು ಪಂಚೆಯ ಅಂಚು. ಒಳಗಿನಿಂದ ಪ್ರಶ್ನೆಗಳು.

"ಯಾವ ಮರ ಇದು?"

"ಪೈನ್ ಸಾರ್, ಇಂಪೋರ್ಟೆಡ್."

ಮಲೆನಾಡಿನವರಿಗೆ ಸಾಗುವಾನಿ, ಬೀಟೆ, ಹೊನ್ನೆ, ಮತ್ತಿ, ಕೊನೆಗೆ ಹಲಸಾದರೂ ಆಗಬೇಕು. "ಪೈನ್ ಅಂದ್ರೆ ಆಪಲ್ ಪೆಟ್ಟಿಗೆ ಮಾಡ್ತಾರಲ್ಲ, ಅದೇ ತಾನೆ?" ಅಂತ ಕೆಳಗಿನಿಂದ ಕೇಳಿದರು. ಸೇಲ್ಸ್ ಹುಡುಗ ನನ್ನ ಮುಖ ನೋಡಿದ. ನಾನು ಬೆಲೆ ಚೀಟಿ ಓದುವವನ ಹಾಗೆ ಆ ಕಡೆ ತಿರುಗಿದೆ.

ಆಮೇಲೆ ಡೆನ್ಸಿಟಿ. ಕುಶನ್ ಕೆಲಸದವರಿಂದ ಅಪ್ಪ ಕಲಿತ ಪದ ಅದು. ಒಂದು ಘನ ಮೀಟರ್ ಫೋಮ್ ಎಷ್ಟು ಕೆಜಿ ತೂಗುತ್ತದೋ ಅದೇ ಡೆನ್ಸಿಟಿ. 28 ಅಂದರೆ ಬೇಗ ಕುಸಿಯುತ್ತದೆ, 32 ಪರವಾಗಿಲ್ಲ, ದಿನವಿಡೀ ಕೂರುವ ಮನೆಗೆ 40 ಬೇಕು, ಅದೂ 'ಎಚ್‌ಆರ್' ಫೋಮ್, ಒತ್ತಿದರೆ ಪಟ್ಟನೆ ಎದ್ದು ಬರುವಂಥದ್ದು. ಹಳೇ ಕಾಲದಲ್ಲಿ ಹೆಣ್ಣು ನೋಡಲು ಹೋದವರು ಗೋತ್ರ ಕೇಳುತ್ತಿದ್ದ ಹಾಗೆ ಅಪ್ಪ ಒಳಗೆ ಕಾಲಿಟ್ಟ ಕೂಡಲೇ "ಡೆನ್ಸಿಟಿ ಎಷ್ಟು?" ಅನ್ನುತ್ತಿದ್ದರು. ಎಲ್ಲ ಅಂಗಡಿಯಲ್ಲೂ 40 ಅಂತಲೇ ಉತ್ತರ. ನಾಲ್ಕನೇ ಅಂಗಡಿಯಲ್ಲಿ ಅಪ್ಪನಿಗೆ ಅನುಮಾನ ಬಂತು. "ಒಂದು ತುಂಡು ಕೊಯ್ದು, ಅಳತೆ ಹಿಡಿದು, ತೂಗಿ ತೋರ್ಸಿ ಹಂಗಾದ್ರೆ" ಅಂದರು. ಹುಡುಗ ಮ್ಯಾನೇಜರನ್ನು ಕರೆಯಲು ಹೋದವನು ಬರಲೇ ಇಲ್ಲ.

ಮೋಟಾರಿನದ್ದು ಬೇಕು ಅಂತ ಮಗನ ಆಸೆ. ಗುಂಡಿ ಒತ್ತಿದರೆ ಸುಯ್ ಅಂತ ಕಾಲು ಮೇಲೆ ಬರುತ್ತದೆ, ಫೋನ್ ಚಾರ್ಜ್ ಮಾಡುವ ತೂತೂ ಇರುತ್ತದೆ. "ಮಲಗಿದ್ದಾಗ ಕರೆಂಟ್ ಹೋದ್ರೆ?" ಅಂತ ಅಮ್ಮ ಕೇಳಿದರು. ಬ್ಯಾಟರಿ ಬ್ಯಾಕಪ್ ಸಿಗುತ್ತೆ, ಅದಕ್ಕೆ ಬೇರೆ ದುಡ್ಡು ಅಂದರು. ಮಗನ ಆಸೆ ಅಲ್ಲಿಗೆ ಮುಗಿಯಿತು. ನಿಜವಾದ ಲೆದರಿನದ್ದು 'ಹಾಫ್ ಲೆದರ್' ಅಂತ ತೋರಿಸಿದರು. ನಾವು ತಾಗುವ ಕಡೆ ಮಾತ್ರ ಚರ್ಮ, ಹಿಂದೆ ಪಕ್ಕದಲ್ಲೆಲ್ಲ ಮತ್ತೆ ಅದೇ ಪ್ಲಾಸ್ಟಿಕ್. ಅಮ್ಮ ಮುಟ್ಟಿ ಕೂಡ ನೋಡಲಿಲ್ಲ. "ದೀಪಾವಳಿಗೆ ಗೋಪೂಜೆ ಮಾಡಿ ಬಂದು ಇದರ ಮೇಲೆ ಕೂರೋದಾ?" ಅಂದರು. ಹಾಗಾಗಿ ಬಟ್ಟೆಯದ್ದು.

ಬಟ್ಟೆಗೂ ಒಂದು ಲೆಕ್ಕ ಇದೆ ಅಂತ ಐದನೇ ಅಂಗಡಿಯ ಹುಡುಗ ಹೇಳಿದ. ಮಾರ್ಟಿಂಡೇಲ್ ಅಂತ ಒಂದು ಪರೀಕ್ಷೆ. ಯಂತ್ರದಲ್ಲಿ ಬಟ್ಟೆಯನ್ನು ಉಜ್ಜುತ್ತಾ ಹೋಗುತ್ತಾರೆ, ಎಷ್ಟು ಸಾವಿರ ಸಲಕ್ಕೆ ನೂಲು ಸವೆದು ಕೀಳುತ್ತದೆ ಅಂತ ನೋಡುತ್ತಾರೆ. "ಇದು 30 ಸಾವಿರ ಉಜ್ಜು ತಡೆಯುತ್ತೆ ಸಾರ್." ಅಪ್ಪನ ಕಣ್ಣು ಹೊಳೆಯಿತು. ಟಾರ್ಚ್ ಆರಿಸಿ ಎದ್ದು ನಿಂತರು. ಹುಡುಗ ಅಷ್ಟಕ್ಕೆ ನಿಲ್ಲಿಸಿದ್ದರೆ ನಾನು ಇವತ್ತು ಇದನ್ನು ಬರೆಯುತ್ತಿರಲಿಲ್ಲ. ಅವನು ಹುರುಪಿನಲ್ಲಿ ಇನ್ನೊಂದು ಮಾತು ಸೇರಿಸಿದ: "ಮೆಕ್ಯಾನಿಸಮ್ ಕೂಡ ಅಷ್ಟೇ ಸಾರ್. 25 ಸಾವಿರ ಸಲ ತೆಗೆದು ಮುಚ್ಚಿದ್ರೂ ಏನೂ ಆಗಲ್ಲ."

ಅಪ್ಪ ಜೇಬಿನಿಂದ ಪೆನ್ನು ತೆಗೆದರು.

ಬೆಲೆ ಚೀಟಿಯ ಹಿಂದೆ ಲೆಕ್ಕ ಶುರುವಾಯಿತು. ಮನೆಯಲ್ಲಿ ಐದು ಜನ. ಒಬ್ಬೊಬ್ಬರು ದಿನಕ್ಕೆ ನಾಲ್ಕು ಸಲ ಅಂದರೆ 20. ಮೂರು ಸೀಟಿನ ಸೋಫಾದಲ್ಲಿ ಎರಡು ಕೊನೆಯ ಸೀಟು ಮಾತ್ರ ಚಾಚಿಕೊಳ್ಳುವುದು. ಹಂಚಿದರೆ ಒಂದೊಂದಕ್ಕೆ 10. 25 ಸಾವಿರವನ್ನು 10ರಿಂದ ಭಾಗಿಸಿದರೆ ಎರಡೂವರೆ ಸಾವಿರ ದಿನ. "ಏಳು ವರ್ಷವೂ ಇಲ್ಲವಲ್ಲಯ್ಯಾ" ಅಂದರು, ಪೆನ್ಶನ್ ಲೆಕ್ಕ ತಪ್ಪು ಬಂದವರ ದನಿಯಲ್ಲಿ. ಆಮೇಲೆ ಕೇಳಿದರು: "ಇದು ಶೋರೂಮಿನಲ್ಲಿಟ್ಟ ಪೀಸು. ಬಂದೋರೆಲ್ಲ ತೆಗೆದು ಮುಚ್ಚಿ ಮಾಡಿರ್ತಾರೆ. ಈಗಾಗಲೇ ಎಷ್ಟು ಸಾವಿರ ಖರ್ಚಾಗಿದೆ? ಸೆಕೆಂಡ್ ಹ್ಯಾಂಡ್ ಕಾರಿನಲ್ಲಿ ಎಷ್ಟು ಓಡಿದೆ ಅಂತ ಮೀಟರ್ ಇರುತ್ತಲ್ಲ, ಇದಕ್ಕಿಲ್ವಾ?"

ಹುಡುಗ ಗೋಡೌನಿನಿಂದ ಸೀಲ್ ಒಡೆಯದ ಪೀಸೇ ಕಳಿಸುತ್ತೇನೆ ಅಂತ ದೇವರ ಮೇಲೆ ಆಣೆ ಇಟ್ಟ. ಗೋಡೌನಿನಲ್ಲಿ ಯಾರೂ ಕೂರಲ್ಲ ಅಂತ ಏನು ಗ್ಯಾರಂಟಿ ಅಂತ ಅಪ್ಪ ಕೇಳುವಷ್ಟರಲ್ಲಿ ನಾನು ಕಾರ್ಡ್ ಉಜ್ಜಿಬಿಟ್ಟೆ. 58 ಸಾವಿರ. ಆಷಾಢದ ಡಿಸ್ಕೌಂಟ್ ಕಳೆದು, 18 ಪರ್ಸೆಂಟ್ ಜಿಎಸ್‌ಟಿ ಕೂಡಿಸಿ. ಆಷಾಢದಲ್ಲಿ ಹೊಸ ಸಾಮಾನು ಮನೆಗೆ ತರಬಾರದು ಅಂತ ಅಮ್ಮ, ಆಷಾಢ ಮುಗಿದರೆ ಡಿಸ್ಕೌಂಟ್ ಇಲ್ಲ ಅಂತ ಅಂಗಡಿ. ಎಲ್ಲರೂ ಮಾಡುವುದನ್ನೇ ನಾವೂ ಮಾಡಿದೆವು. ದುಡ್ಡು ಆಷಾಢದಲ್ಲಿ, ಸೋಫಾ ಶ್ರಾವಣದಲ್ಲಿ.

ಆ ನಡುವಿನ ದಿನಗಳಲ್ಲಿ ಅಪ್ಪ ಹಾಲಿನ ನೆಲದ ಮೇಲೆ ಸೀಮೆಸುಣ್ಣದಿಂದ ಸೋಫಾ ಬರೆದರು. ರಿಕ್ಲೈನರಿನ ಕಷ್ಟ ಅದೇ. ಮುಚ್ಚಿದ್ದಾಗ ಮೂರಡಿ, ಚಾಚಿದರೆ ಐದೂವರೆ. ಹಿಂದೆ ಗೋಡೆಗೂ ಜಾಗ ಬಿಡಬೇಕು, ಮುಂದೆ ಟಿವಿ ಸ್ಟ್ಯಾಂಡಿಗೆ ಕಾಲು ತಾಗಬಾರದು. ಮುಚ್ಚಿದ್ದಕ್ಕೆ ಒಂದು ಚೌಕ, ತೆಗೆದದ್ದಕ್ಕೆ ಒಂದು, ನಡುವಿನ ಸೀಟಿಗೆ ಒಂದು, ಕಾಲಿಗೆ ಎರಡು. ಎದುರು ಮನೆ ಹುಡುಗಿ ಬಂದವಳು ಅದನ್ನು ನೋಡಿ ಒಂದು ಮುಚ್ಚಳ ಎಸೆದು ಕುಂಟೆಬಿಲ್ಲೆ ಆಡತೊಡಗಿದಳು.

ಹಳೇದನ್ನು ಸಾಗಿಸುವುದೇ ಒಂದು ಕಥೆ. ಗುಜರಿಯವನು ಪುಕ್ಕಟೆ ಕೊಟ್ಟರೂ ಬೇಡ ಅಂದ. ಕೊನೆಗೆ ನಾನೇ 500 ಕೊಟ್ಟೆ. ಎತ್ತಿದಾಗ ಹೊಟ್ಟೆಯೊಳಗಿಂದ ಎರಡು ರಿಮೋಟು, ಅಪ್ಪನ ಕನ್ನಡಕ, 47 ರೂಪಾಯಿ ಚಿಲ್ಲರೆ, ಒಂದು ಕೋಡುಬಳೆ ಬಿದ್ದವು. ಕೋಡುಬಳೆ ಯಾವ ವರ್ಷದ ಗೋಕುಲಾಷ್ಟಮಿಯದ್ದೋ. ಒಂದು ಕಡೆಯೂ ಮುರಿದಿರಲಿಲ್ಲ, ಬಣ್ಣ ಮಾಸಿರಲಿಲ್ಲ. ಆ ಸೋಫಾದಲ್ಲಿ ಬಾಳಿಕೆ ಬಂದ ವಸ್ತು ಅದೊಂದೇ. ಅಮ್ಮ ಅದನ್ನು ನೋಡಿ "ನಾನು ಮಾಡಿದ್ದು" ಅಂದರು.

ಶ್ರಾವಣದ ಮೊದಲ ಶುಕ್ರವಾರ ಹೊಸ ಸೋಫಾ ಬಂತು. ನವಿಲು ಬಣ್ಣದ್ದು. ಇದನ್ನು ಹೇಳಿಬಿಡುತ್ತೇನೆ, ಯಾಕೆಂದರೆ ಬಣ್ಣ ಕಂಡದ್ದು ಅದೊಂದು ದಿನ. ಶನಿವಾರ ಬೆಳಿಗ್ಗೆ ಏಳುವಷ್ಟರಲ್ಲಿ ಅದರ ಮೇಲೆ ಹಳೇ ಬೆಡ್‌ಶೀಟು, ತಲೆಯ ಜಾಗಕ್ಕೆ ಟರ್ಕಿ ಟವೆಲು, ಕೈ ಇಡುವ ಕಡೆ ಕರ್ಚೀಫು. 40 ಡೆನ್ಸಿಟಿ, 30 ಸಾವಿರ ಉಜ್ಜು, ಎಲ್ಲ ಒಳಗೆ ಭದ್ರ. ನಾವು ಕೂರುವುದು ಅದೇ ಹಳೇ ಬೆಡ್‌ಶೀಟಿನ ಮೇಲೆ.

ಪಕ್ಕದ ಟೀಪಾಯಿಯ ಮೇಲೆ ಒಂದು ಡೈರಿ. ಬ್ಯಾಂಕಿನವರು ಕೊಟ್ಟದ್ದು. ಅದಕ್ಕೆ ದಾರ ಕಟ್ಟಿ ಒಂದು ಪೆನ್ನು. ಮೊದಲ ಪುಟದಲ್ಲಿ ಅಪ್ಪನ ದುಂಡು ಅಕ್ಷರ. ಸೋಫಾ 20 ವರ್ಷ ಬರಬೇಕು. 20 ವರ್ಷಕ್ಕೆ 7,300 ದಿನ. ಒಂದು ಸೀಟಿಗೆ ದಿನಕ್ಕೆ ಮೂರು ಸಲ. ಎರಡು ಸೀಟಿಗೆ ಆರು. ಮನೆಯವರಿಗೆ ತಲಾ ಒಂದು. ಉಳಿದ ಒಂದು ಅತಿಥಿಗಳಿಗೆ. ಹೀಗೆ ಮಾಡಿದರೆ ಕೊನೆಗೆ ಪ್ರತಿ ಸೀಟಿನಲ್ಲಿ 3,100 ಸಲ ಮಿಗುತ್ತದೆ. ಅದಕ್ಕೆ 'ಹಬ್ಬ, ಅನಾರೋಗ್ಯ ಇತ್ಯಾದಿ' ಅಂತ ಶೀರ್ಷಿಕೆ.

ಮೊದಲ ವಾರ ತಮಾಷೆ ಅಂದುಕೊಂಡೆವು. ಆಮೇಲೆ ಅದು ತಮಾಷೆಯಲ್ಲ ಅಂತ ತಿಳಿಯಿತು. ಆಫೀಸಿನಿಂದ ಬಂದು ಸೀಟಿನ ಪಕ್ಕದ ಹಿಡಿ ಎಳೆದರೆ ಕಟಕ್ ಅನ್ನುತ್ತದೆ. ಆ ಸದ್ದಿಗೆ ರೂಮಿನಿಂದ ಅಪ್ಪನ ಧ್ವನಿ: "ಯಾರು?" ನಾನು ಅಂತ ಹೇಳಬೇಕು. "ಎಡವೋ ಬಲವೋ?" ಅದನ್ನೂ ಹೇಳಬೇಕು. ಟೀ ಕುಡಿಯಲು ಎದ್ದರೆ ಮುಗಿಯಿತು, ಮತ್ತೆ ಬಂದು ಕಾಲು ಚಾಚಿದರೆ ಅದು ಎರಡನೆಯದು. ಹಾಗಾಗಿ ನಾನು ಈಗ ಒಮ್ಮೆ ಚಾಚಿದರೆ ಏಳುವುದಿಲ್ಲ. ಕಾಲಿಂಗ್ ಬೆಲ್ ಆದರೂ ಏಳುವುದಿಲ್ಲ. ಬಾತ್‌ರೂಮಿಗೆ ಹೋಗಬೇಕಾದರೆ ಸೀಟು ಚಾಚಿದ ಹಾಗೇ ಬಿಟ್ಟು, ಪಕ್ಕದಿಂದ ಇಳಿದು, ಮತ್ತೆ ಪಕ್ಕದಿಂದಲೇ ಹತ್ತುತ್ತೇನೆ. ಬೆನ್ನು ನೋವಿಗೆ ಅಂತ ತಂದ ಸೋಫಾ ಇದು.

ಮಗ ಒಂದು ದಿನ ಗೆಳೆಯನನ್ನು ಕರೆದುಕೊಂಡು ಬಂದಿದ್ದ. ಇಬ್ಬರೂ ಎರಡು ಕೊನೆಯಲ್ಲಿ ಕೂತು ಯಾರು ಬೇಗ ತೆಗೆದು ಮುಚ್ಚುತ್ತಾರೆ ಅಂತ ಪಂದ್ಯ ಕಟ್ಟಿದರು. ಅಪ್ಪ ತಡೆಯಲಿಲ್ಲ, ಬೈಯಲೂ ಇಲ್ಲ. ಬಾಗಿಲಲ್ಲಿ ನಿಂತು ಸುಮ್ಮನೆ ಎಣಿಸಿದರು. ಮಗನದು 41, ಗೆಳೆಯನದು 38. ಅವತ್ತಿನಿಂದ ಮಗನ ಖಾತೆ ಮೈನಸ್ಸಿನಲ್ಲಿದೆ. ಗೆಳೆಯನದನ್ನು ಅತಿಥಿ ಖಾತೆಗೆ ಹಾಕಿದ್ದರಿಂದ ಮುಂದಿನ ಒಂದು ತಿಂಗಳು ನಮ್ಮ ಮನೆಗೆ ಬಂದವರು ಯಾರೂ ಕಾಲು ಚಾಚುವಂತಿರಲಿಲ್ಲ. ಮೊನ್ನೆ ಭಾವ ಬಂದಾಗ ಅಪ್ಪನೇ ಅವರನ್ನು ನಡುವಿನ ಸೀಟಿಗೆ ಕೈ ಹಿಡಿದು ಕರೆದೊಯ್ದರು. "ಇಲ್ಲಿ ಗಾಳಿ ಚೆನ್ನಾಗಿ ಬರುತ್ತೆ" ಅಂದರು. ಆ ಸೀಟಿನ ಮೇಲೆ ಫ್ಯಾನೇ ಇಲ್ಲ.

ಅಮ್ಮ ತಮ್ಮ ಪಾಲನ್ನು ಮೊಮ್ಮಗನಿಗೆ ಬಿಟ್ಟುಕೊಟ್ಟಿದ್ದಾರೆ. ಸಾಲ ತೀರಲಿ ಅಂತ. ಬಿಟ್ಟುಕೊಡುವುದಕ್ಕೆ ಬೇರೆ ಕಾರಣವೂ ಇದೆ. ಕೈಯಲ್ಲಿ ಎಳೆಯುವ ರಿಕ್ಲೈನರ್ ತೆಗೆಯುವುದು ಸುಲಭ, ಮುಚ್ಚಬೇಕಾದರೆ ಹಿಮ್ಮಡಿಯಿಂದ ಒತ್ತಿ ಮೈಭಾರ ಮುಂದಕ್ಕೆ ಹಾಕಬೇಕು. ಅಮ್ಮನ ಮೈಭಾರ 46 ಕೆಜಿ. ಅಂಗಡಿಯಲ್ಲಿ ಎಲ್ಲರೂ ಕೂತು ನೋಡಿದೆವು, ಅಮ್ಮನನ್ನು ಕೂರಿಸಿ ನೋಡಬೇಕು ಅಂತ ಒಬ್ಬರಿಗೂ ಹೊಳೆಯಲಿಲ್ಲ. ಒಂದು ಬೆಳಿಗ್ಗೆ ಕುಕ್ಕರಿನಲ್ಲಿ ಬೇಳೆ ಇಟ್ಟು, ಮೂರು ಸೀಟಿ ಆಗುವವರೆಗೆ ಅಂತ ಅವರು ಕೂತು ಹಿಡಿ ಎಳೆದರು. ಕಾಲು ಮೇಲೆ ಹೋಯಿತು, ಕೆಳಗೆ ಬರಲಿಲ್ಲ. ಅಪ್ಪ ಪಾಸ್‌ಬುಕ್ ಬರೆಸಲು ಹೋಗಿದ್ದರು. ನಾನು ರೂಮಿನಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಮೀಟಿಂಗಿನಲ್ಲಿದ್ದೆ. ಅಮ್ಮ ಕೂಗಿದರು, ಕುಕ್ಕರೂ ಕೂಗಿತು. ನನಗೆ ಎರಡೂ ಕೇಳಿಸಲಿಲ್ಲ. ನೀರು ಕುಡಿಯಲು ಹೊರಗೆ ಬಂದಾಗ ಅಮ್ಮ ಅನಂತಶಯನನ ಹಾಗೆ ಮಲಗಿ ಸೂರು ನೋಡುತ್ತಿದ್ದರು.

"ಹನ್ನೊಂದು" ಅಂದರು.

ಅವತ್ತಿನ ಹುಳಿಯಲ್ಲಿ ಬೇಳೆ ಇತ್ತು ಅನ್ನುವುದಕ್ಕೆ ಅಮ್ಮನ ಮಾತು ಬಿಟ್ಟರೆ ಬೇರೆ ಸಾಕ್ಷಿ ಇರಲಿಲ್ಲ. ಅಪ್ಪ ಬಂದು ಎಲ್ಲ ಕೇಳಿ, ಸೊಂಟ ನೋಯುತ್ತಾ ಅಂತ ಅಮ್ಮನನ್ನು ವಿಚಾರಿಸಿ, ಆಮೇಲೆ ನನ್ನ ಕಡೆ ತಿರುಗಿದರು. "ಮುಚ್ಚಿದ್ದು ಯಾರು?" ನಾನು ಅಂದೆ. "ಹಂಗಾದ್ರೆ ಅರ್ಧ ಅವಳಿಗೆ, ಅರ್ಧ ನಿಂಗೆ." ಡೈರಿಯಲ್ಲಿ ಅರೆ ಅಂತ ಬರೆದಿರುವುದು ಅದೊಂದೇ ಕಡೆ.

ಒಂದು ರಾತ್ರಿ ಮಗ ಫೋನಿನಲ್ಲಿ ಓದಿ ಹೇಳಿದ. ಈ ರಿಕ್ಲೈನರಿನಲ್ಲಿ ಹೆಸರು ಮಾಡಿದ ಲೇಜಿ ಬಾಯ್ ಕಂಪನಿ ಶುರುವಾದದ್ದು ಅಮೆರಿಕದ ಮಿಷಿಗನ್ ರಾಜ್ಯದ ಮನ್ರೋ ಊರಿನಲ್ಲಿ. ಎಡ್ವರ್ಡ್ ಕ್ನಾಬುಶ್, ಎಡ್ವಿನ್ ಶೂಮೇಕರ್ ಅಂತ ಇಬ್ಬರು ಕಸಿನ್‌ಗಳು ಸೇರಿ 1928ರ ಹೊತ್ತಿಗೆ ಅಂಥ ಕುರ್ಚಿ ಮಾಡಿದರು. ಹೆಸರಿಡಲು ಸ್ಪರ್ಧೆ ಇಟ್ಟರು. 'ಕೂತು ತೂಕಡಿಸು' ಅನ್ನುವ ಅರ್ಥದ್ದೂ ಒಂದು ಬಂದಿತ್ತು, ಗೆದ್ದದ್ದು 'ಸೋಮಾರಿ ಹುಡುಗ'. ಅಮ್ಮ ನನ್ನನ್ನು ನೋಡಿದರು. ಅಪ್ಪ, "ದಾಯಾದಿಗಳು ಸೇರಿ ಕುರ್ಚಿ ಮಾಡಿದ್ರಾ? ನಮ್ಮಲ್ಲಿ ಸೇರಿದ್ರೆ ಇದ್ದ ಕುರ್ಚೀನೂ ಪಾಲು ಮಾಡ್ತಾರೆ" ಅಂದರು. ಮಗ ಮುಂದೆ ಓದಿದ. ಮೊದಲು ಅದಕ್ಕೆ ಮೆತ್ತೆ ಇರಲಿಲ್ಲವಂತೆ. ಮರದ ಪಟ್ಟಿ ಹೊಡೆದ ಮಡಚುವ ಕುರ್ಚಿ, ಮನೆಯ ಜಗಲಿಯಲ್ಲಿ ಹಾಕಿಕೊಳ್ಳಲಿಕ್ಕೆ.

ಜಗಲಿ ಅಂದಕೂಡಲೇ ಅಪ್ಪ ಸುಮ್ಮನಾದರು. ನನಗೂ ಸಾಗರದ ಹತ್ತಿರದ ನಮ್ಮ ಮನೆ ನೆನಪಾಯಿತು. ಅಲ್ಲಿ ಜಗಲಿಯಲ್ಲಿ ಅಜ್ಜನ ಆರಾಮ ಕುರ್ಚಿ ಇತ್ತು. ಬೀಟೆ ಮರದ ಚೌಕಟ್ಟು, ಪಟ್ಟೆಪಟ್ಟೆ ದಪ್ಪ ಬಟ್ಟೆ, ಮೇಲೊಂದು ಕೆಳಗೊಂದು ಕೋಲು. ಹಿಂದೆ ಮೂರು ಕಚ್ಚು. ಊಟಕ್ಕೆ ಮುಂಚೆ ಮೊದಲನೇ ಕಚ್ಚು, ಊಟವಾದ ಮೇಲೆ ಮೂರನೆಯದು. ಮೆಕ್ಯಾನಿಸಮ್ ಅಂದರೆ ಅಷ್ಟೇ. ನಾವು ಮಕ್ಕಳು ಒಮ್ಮೆ ಕೆಳಗಿನ ಕೋಲು ಎಳೆದಿಟ್ಟಿದ್ದೆವು. ಅಜ್ಜ ಎಲೆಅಡಿಕೆ ತಟ್ಟೆಯ ಸಮೇತ ನೆಲಕ್ಕೆ ಬಂದರು. ಬಿದ್ದಲ್ಲಿಂದಲೇ ಮೊದಲು ಸುಣ್ಣದ ಡಬ್ಬಿ ಎಲ್ಲಿ ಅಂತ ಹುಡುಕಿದರು, ಬೈಗುಳ ಆಮೇಲೆ. ಬಟ್ಟೆ ಹರಿದರೆ ಪೇಟೆಯಿಂದ ಎರಡು ಗಜ ತಂದು ಅಜ್ಜಿಯೇ ಹೊಲಿಯುತ್ತಿದ್ದರು. ವಾರಂಟಿ ಕಾರ್ಡು ಅಜ್ಜಿಯೇ.

ಆ ಕುರ್ಚಿಯಲ್ಲಿ ಅಪ್ಪ ಕೂತದ್ದು ನಾನು ನೋಡಿಲ್ಲ. ಅಜ್ಜ ಇರುವಾಗ ಅದು ಅಜ್ಜನದು. ಅಜ್ಜ ಹೋದ ಮೇಲೆ ಅಪ್ಪ ರಜೆಗೆ ಹೋದಾಗಲೂ ಜಗಲಿಯ ಕಟ್ಟೆ ಮೇಲೆ ಕೂತು ಪೇಪರ್ ಓದುತ್ತಿದ್ದರು, ಕುರ್ಚಿ ಪಕ್ಕದಲ್ಲಿ ಖಾಲಿ ಇರುತ್ತಿತ್ತು. ಈಗ ಅದು ಅಟ್ಟದಲ್ಲಿದೆ. ಮನೆಗೆ ಬೀಗ.

"ಆ ಕುರ್ಚೀಲಿ ಅಜ್ಜ ಎಷ್ಟು ಸಲ ಕೂತಿರಬಹುದು?" ಅಂತ ಕೇಳಿದೆ, ಲೆಕ್ಕ ಹಾಕುತ್ತಾರೇನೋ ಅಂತ.

"ಯಾರು ಎಣಿಸಿದ್ದಾರೆ ಅದನ್ನ" ಅಂದರು ಅಪ್ಪ.

ವಾರಂಟಿ ಅಂದೆನಲ್ಲ, ನಮಗೆ ಕೊಟ್ಟ ಕಾರ್ಡನ್ನು ಮೊನ್ನೆ ಪೂರ್ತಿ ಓದಿದೆ. ಮುಂದೆ ದೊಡ್ಡದಾಗಿ 5 ವರ್ಷ ಅಂತಿದೆ. ಹಿಂದೆ ಇರುವೆ ಸಾಲಿನಂಥ ಅಕ್ಷರದಲ್ಲಿ, ಅದು ಫ್ರೇಮಿಗೆ ಮಾತ್ರ ಅಂತಿದೆ. ಮೆಕ್ಯಾನಿಸಮ್ಮಿಗೆ ಎರಡು ವರ್ಷ, ಫೋಮಿಗೆ ಒಂದು, ಬಟ್ಟೆಗೆ ಇಲ್ಲ, ಹೊಲಿಗೆಗೆ ಇಲ್ಲ. ಅಂದರೆ ಆರನೇ ವರ್ಷ ಆಪಲ್ ಪೆಟ್ಟಿಗೆಯ ಮರಕ್ಕೂ ದಿಕ್ಕಿಲ್ಲ. ಅಪ್ಪನಿಗೆ ಇನ್ನೂ ತೋರಿಸಿಲ್ಲ. ತೋರಿಸಿದರೆ ಡೈರಿಯಲ್ಲಿ ಹೊಸ ಕಾಲಮ್ಮು ಬರುತ್ತದೆ.

ನಿನ್ನೆ ಮೊಸರನ್ನದ ಮೇಲೆ ನನಗೆ ನಿದ್ದೆ ಬರಲಿಲ್ಲ. ಹಲ್ಲಿನ ಸಂದಿಯಲ್ಲಿ ಇನ್ನೂ ಸೋಫಾ ಇದೆ ಅನ್ನಿಸುತ್ತಿತ್ತು. ಬಾಯಿ ಮುಕ್ಕಳಿಸಲು ಎದ್ದು ಹಾಲಿಗೆ ಬಂದೆ. ಬೀದಿ ದೀಪದ ಬೆಳಕು ಕಿಟಕಿಯಿಂದ ಬಿದ್ದಿತ್ತು. ಬಲಗಡೆಯ ಸೀಟು ಪೂರ್ತಿ ಚಾಚಿಕೊಂಡಿತ್ತು. ಅದರಲ್ಲಿ ಅಪ್ಪ. ಬಾಯಿ ಸ್ವಲ್ಪ ತೆರೆದಿತ್ತು, ಕೈ ಎದೆಯ ಮೇಲೆ. ಟರ್ಕಿ ಟವೆಲು ಜಾರಿ ನೆಲಕ್ಕೆ ಬಿದ್ದಿತ್ತು. ಕೊಬ್ಬರಿ ಎಣ್ಣೆಯ ತಲೆ ನೇರ ನವಿಲು ಬಣ್ಣದ ಮೇಲಿತ್ತು. ಅವರ ಆ ದಿನದ ಪಾಲು ಮಧ್ಯಾಹ್ನದ ನಿದ್ದೆಯಲ್ಲೇ ಮುಗಿದಿತ್ತು, ನನಗೆ ಚೆನ್ನಾಗಿ ನೆನಪಿತ್ತು. ಸದ್ದು ಮಾಡದೆ, ನೀರೂ ಕುಡಿಯದೆ ವಾಪಸ್ ಹೋದೆ.

ಬೆಳಿಗ್ಗೆ ಎದ್ದು ಬಂದರೆ ಬೆಡ್‌ಶೀಟು ಸುಕ್ಕಿಲ್ಲದೆ ಹಾಸಿತ್ತು. ಟವೆಲು ಅದರ ಜಾಗದಲ್ಲಿತ್ತು. ಅಪ್ಪ ವಾಕಿಂಗ್ ಹೋಗಿದ್ದರು. ಡೈರಿ ತೆರೆದು ನೋಡಿದೆ. ದುಂಡು ಅಕ್ಷರದಲ್ಲಿ ಬರೆದಿತ್ತು: ರಾತ್ರಿ 11.40, ಬಲ ಸೀಟು, ಒಂದು.

ನನ್ನ ಹೆಸರಿನ ಕೆಳಗೆ.